ಡಬ್ಬಿಯ ಬಳೆ, ಗೌಸಿಯಾಳ ಕೈ

ಇಳಕಲ್ಲಿನಿಂದ ಗುಡೂರಿಗೆ ಹೋಗುವ ಬಸ್ಸಿನಲ್ಲಿ ಬಳೆಗಾರ್ತಿ ಗೌಸಿಯಾ ಬಳೆ ತುಂಬಿದ ಮಲಾರವನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬಲಗೈ ಹೆಬ್ಬೆರಳು ಬೆಳಗಿನಿಂದಲೇ ಜುಮುಗುಡುತ್ತಿತ್ತು. ಮುಂದಿನ ಸೀಟಿನವನು ಫೋನಿನಲ್ಲಿ, "ಎಲ್ಲಾ ಸೆಟ್ ಮಾಡೇನಿ ಲೇ, ನೀ ಬಾ ಸಾಕು" ಎಂದು ಒದರುತ್ತಿದ್ದ. ಏನನ್ನು ಸೆಟ್ ಮಾಡಿದ್ದನೋ ಅವನಿಗೇ ಗೊತ್ತು.

ಸೆಟ್ ಎಂಬ ಆ ಮಾತು ಅವಳ ಮನೆಗೆ ಬಂದದ್ದು ಗಂಡ ಮುರ್ತುಜಸಾಬನ ಜೊತೆ. ಹುನಗುಂದದ ಸುತ್ತಲಿನ ಹೊಲಗಳಲ್ಲಿ ಪಂಪ್‌ಸೆಟ್ಟು ರಿಪೇರಿ ಮಾಡುವವನು. ಸೆಟ್ ಕೆಟ್ಟಿದೆ ಎಂದು ಯಾರಾದರೂ ಬಂದರೆ ಉಣ್ಣುವ ತಾಟು ಬಿಟ್ಟು ಎದ್ದು ಹೋಗುತ್ತಿದ್ದ. ಸೆಟ್ಟೆಂದರೆ ಆರಿ ಹೋದ ರೊಟ್ಟಿ ಎಂದೇ ಅವಳು ತಿಳಿದಿದ್ದಳು. ಅವನು ತೀರಿಕೊಂಡ ಮೇಲೆ ಮಗಳು ತಬಸುಮಳಿಗೆ ಬಾದಾಮಿಯ ಕಡೆಯ ವರ ಬಂತು. ಮಾತು ಮುಗಿಸಿ ಬಂದ ಮೈದುನ ಯುನೂಸ, "ಸೆಟ್ ಆತು ನೋಡ್ರಿ ಭಾಬಿ" ಅಂದ. ಕೆಟ್ಟಿತೋ ಕೂಡಿತೋ ತಿಳಿಯದೆ ಅವನ ಮುಖವನ್ನೇ ನೋಡಿ, ನಗು ಕಂಡ ಮೇಲೆ ಉಸಿರು ಬಿಟ್ಟಿದ್ದಳು.

ಈಗ ಬಳೆಗೂ ಅದೇ ಹೆಸರು. ಸೀರೆಗೆ ಹೊಂದಿಸಿಟ್ಟ ಬಳೆ ಡಬ್ಬಿಯಲ್ಲಿ ಸಿಗುತ್ತದೆ, ಹುಡುಗಿಯರು ತಾವೇ ಹಾಕಿ ತಾವೇ ತೆಗೆದಿಡುತ್ತಾರೆ. ಕೈ ಹಿಡಿದು, ಒತ್ತಿ, ಬಿಗಿ ಬಳೆ ಏರಿಸುವವಳನ್ನು ಕರೆಯುವ ಮನೆ ಉಳಿದದ್ದು ಗುಡೂರಿನ ಬಾಳಮ್ಮನದೊಂದೇ. ಅದೂ ತಪ್ಪಿದರೆ ಮಲಾರವನ್ನು ಗೂಟಕ್ಕೆ ನೇತುಹಾಕುವುದೇ.

ಅಂದು ಬಾಳಮ್ಮನ ಸೊಸೆ ಭಾಗ್ಯಜ್ಯೋತಿಗೆ ಕುಬಸ. ಬಸುರಿಯ ಕೈಗೆ ಮೊದಲು ಹಸಿರು ಗಾಜಿನ ಬಳೆ ಏರಬೇಕು, ಉಡಿ ತುಂಬುವುದು, ಆರತಿ ಎಲ್ಲ ಆಮೇಲೆ.

"ಬಾ ಬೇ ಗೌಸಿಯಾ, ಕಾದು ಕಾದು ಸಾಕಾತು" ಅಂದ ಬಾಳಮ್ಮನ ಬಾಯಲ್ಲಿ ಹೊಸ ಹಲ್ಲು ಟಕ್ಕೆಂದವು.

"ಏನ್ರಿ ಬಾಳವ್ವಾರ, ಹರೇದಾಕಿ ಆಗೀರಲ್ಲ!"

"ಹಲ್ಲಿನ ಸೆಟ್ ಹಾಕಿಸ್ಯಾರ. ಮಾತಾಡಾಕ ಬರ್ತೈತಿ, ರೊಟ್ಟಿ ಕಡ್ಯಾಕ ಬರೂದಿಲ್ಲ."

"ಮಾತಿಗೆ ಮೊದಲೂ ಏನ್ ಕಮ್ಮಿ ಇರ್ಲಿಲ್ಲ ಬಿಡ್ರಿ."

ಹೆಂಗಸರು ನಕ್ಕರು. ಗೌಸಿಯಾ ಯಾವತ್ತಿನಂತೆ ಅಳತೆ ಕೇಳದೆ ಬಳೆ ಬಿಡಿಸಿಕೊಂಡು ಭಾಗ್ಯಜ್ಯೋತಿಯ ಕೈ ಹಿಡಿದಳು. ಮದುವೆಯಲ್ಲಿ ಹಿಡಿದ ಕೈಯೇ, ಆದರೆ ಈಗ ದುಂಡಗಾಗಿತ್ತು. ಒತ್ತಿದಳು. ಬಳೆ ಗೆಣ್ಣಿನ ಹತ್ತಿರ ನಿಂತಿತು. ಹೆಬ್ಬೆರಳಿಗೆ ಬಲ ಬರಲಿಲ್ಲ. ಇನ್ನೊಮ್ಮೆ ಒತ್ತಿದಾಗ ಚಟ್ಟೆಂದು ಒಡೆದು, ಹುಡುಗಿಯ ಕೈಮೇಲೆ ರಕ್ತದ ಹನಿ ಮೂಡಿತು.

ಕುಬಸದ ಬಳೆ. ಒಡೆಯಬಾರದಿತ್ತು. ಗೌಸಿಯಾ ಮಲಾರದಲ್ಲಿ ಹುಡುಕಿದಳು, ದೊಡ್ಡ ಹಸಿರು ಬಳೆ ಇರಲಿಲ್ಲ. ಮದುವೆಯ ಕೈಯನ್ನೇ ನೆನೆಸಿಕೊಂಡು, ಬಸುರಿಯ ಕೈ ಊದುತ್ತದೆಂಬುದನ್ನು ಮರೆತು ತಂದಿದ್ದಳು. ಇಷ್ಟು ವರ್ಷ ಬಳೆ ಇಟ್ಟವಳು!

"ಮುದುಕಿ ಕೈಯಾಗ ಸತುವ ಇಲ್ಲ, ಯಾಕ ಕರಸ್ತೀರೋ" ಎನ್ನುತ್ತ ಭಾಗ್ಯಜ್ಯೋತಿಯ ತಾಯಿ ಬಾಗಲಕೋಟೆಯಿಂದ ತಂದ ಡಬ್ಬಿಯನ್ನು ಮುಂದಿಟ್ಟಳು. "ಸೆಟ್ ಐತಿ. ದೊಡ್ಡ ಸೈಜ್ ತಂದೇನಿ."

ಗೌಸಿಯಾ ಮೇಲೇಳಲು ನೆಲಕ್ಕೆ ಕೈಯೂರಿದಳು. ಭಾಗ್ಯಜ್ಯೋತಿ ಅವಳ ಸೆರಗು ಹಿಡಿದಳು.

"ಆಯಿ, ಕೂಡ್ರಿ. ಡಬ್ಬಿದೂ ನೀವ ಹಾಕ್ರಿ. ಬ್ಯಾರೇದಾರ ಕೈ ನನಗ ಬ್ಯಾಡ."

"ಹಾಕ ಬೇ, ಆರತಿಗೆ ತಡಾ ಆಕ್ಕೈತಿ" ಅಂದಳು ಬಾಳಮ್ಮ.

ಗೌಸಿಯಾ ಡಬ್ಬಿಯನ್ನು ಹತ್ತಿರ ಎಳೆದುಕೊಂಡು ಮುಚ್ಚಳ ತೆಗೆದಳು. ಆಮೇಲೆ ಒಂದೊಂದಾಗಿ ಏರಿಸಿದಳು. ಬಳೆಗಳು ತಾವಾಗಿಯೇ ಜಾರಿ ಹೋದವು, ಒತ್ತುವ ಕೆಲಸವೇ ಇರಲಿಲ್ಲ. ಆದರೂ ಕೊನೆಯ ಬಳೆಯವರೆಗೆ ಹುಡುಗಿಯ ಕೈ ಬಿಡಲಿಲ್ಲ. ಪದ್ಧತಿಯಂತೆ ಭಾಗ್ಯಜ್ಯೋತಿ ಬಳೆಗೈ ಜೋಡಿಸಿ ಅವಳಿಗೆ ನಮಸ್ಕರಿಸಿದಳು.

"ಕೂಸಿನ ತೊಟ್ಲಿಗೂ ಬರಬೇಕ ಮತ್ತ" ಅಂದಳು ಬಾಳಮ್ಮ.

ಗೌಸಿಯಾ ಮಲಾರದ ಗಂಟು ಬಿಗಿದಳು. "ಬರ್ತೇನ್ರಿ. ಬಳಿ ಮಾತ್ರ ನೀವ ತರಸ್ರಿ. ಇದನ್ನ ಹೊತ್ತು ಹೊತ್ತು ಹೆಗಲು ಸೋತಾವು."