ನಿಪ್ಪಟ್ಟಿಗೊಂದು ಕಾಗದದ ಕವರ್

ಪೀಣ್ಯದ ಕುರುಕಲು ತಿಂಡಿ ಕಾರ್ಖಾನೆಯೊಂದರಲ್ಲಿ ನನ್ನ ಕೆಲಸ ಕವರ್ ನೋಡಿಕೊಳ್ಳುವುದು. ನಿಪ್ಪಟ್ಟು, ಕೋಡುಬಳೆ ಯಾವ ಕವರಿನಲ್ಲಿ ಎಷ್ಟು ದಿನ ಗರಿಗರಿಯಾಗಿ ಉಳಿಯುತ್ತವೆ ಎಂದು ಪರೀಕ್ಷಿಸಿ ಹೇಳಬೇಕು. ಒಂದು ದಿನ ಮಾಲೀಕರು ಕರೆದು, "ಸೂಪರ್‌ಮಾರ್ಕೆಟ್‌ನೋರು ಪ್ಲಾಸ್ಟಿಕ್ ಇಲ್ಲದ ಕವರ್ ಕೇಳ್ತಿದಾರೆ. ಮಣ್ಣಲ್ಲಿ ಕೊಳೆಯೋ ಅಂಥದ್ದು ಆಗುತ್ತಾ ನೋಡಮ್ಮ" ಅಂದಾಗ ನನಗೆ ಕುಣಿಯುವಷ್ಟು ಖುಷಿಯಾಯಿತು. ಜಾಲಹಳ್ಳಿಯಿಂದ ಬರುವ ದಾರಿಯಲ್ಲಿ, ರಾಜಕಾಲುವೆಯ ಜಾಲರಿಗೆ ಸಿಕ್ಕಿಕೊಂಡ ನಮ್ಮದೇ ಕೆಂಪು ಕವರುಗಳನ್ನು ನೋಡಿ ನೋಡಿ ಸಾಕಾಗಿತ್ತು.

ವರ್ಷದ ಹತ್ತಿರ ಒದ್ದಾಡಿದೆ. ಒಂದು ಕಾಗದದಲ್ಲಿ ಎಣ್ಣೆ ಇಳಿಯಿತು, ಇನ್ನೊಂದು ಯಂತ್ರದಲ್ಲಿ ಹರಿಯಿತು. ಕೊನೆಗೂ ಒಂದು ಕಾಗದ ಎರಡನ್ನೂ ತಾಳಿಕೊಂಡಿತು. ಮಾದನಾಯಕನಹಳ್ಳಿಯ ಅಂಗಡಿಗಳಿಗೆ ಕಳಿಸಿ ನೋಡಿದೆವು. ಅದೇ ಹೊತ್ತಿಗೆ ಮಳೆ ಹಿಡಿಯಿತು. ಕೆಲವು ವಾರಕ್ಕೆ ಅಂಗಡಿಯ ಹೆಂಗಸು ಫೋನ್ ಮಾಡಿದರು: "ಮೇಡಂ, ನಿಪ್ಪಟ್ಟು ಮುರಿದ್ರೆ ಸದ್ದೇ ಬರ್ತಿಲ್ಲ. ವಾಪಸ್ ತಗೊಂಡೋಗಿ."

ಮೀಟಿಂಗಿನಲ್ಲಿ ಮಾಲೀಕರು, ಕಾಗದದೊಳಗೆ ತೇವ ಇಳಿದು ಮೆತ್ತಗಾಗಿ ವಾಪಸ್ ಬಂದಿದ್ದ ಆ ನಿಪ್ಪಟ್ಟನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ಅವರ ತಾಯಿ ಮನೆಯಲ್ಲಿ ತಟ್ಟಿ ಮಾರುತ್ತಿದ್ದ ನಿಪ್ಪಟ್ಟಿನಿಂದ ಬೆಳೆದ ಕಾರ್ಖಾನೆ ಅದು. "ಅಮ್ಮ ಇದನ್ನ ತಿಂದಿದ್ರೆ ಉಗೀತಿದ್ರು" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಸಂಕಟವಿತ್ತು.

"ಹತ್ತಿರದ ಅಂಗಡಿಗಳಿಗಷ್ಟೇ ಕೊಡೋಣ ಸಾರ್, ಬೇಗ ಖರ್ಚಾಗುತ್ತೆ" ಅಂದೆ.

ಮಾರಾಟ ವಿಭಾಗದವರು ನಕ್ಕರು. "ಹುಬ್ಳಿ ತನಕ ಹೋಗೋ ಮಾಲು ಮೇಡಂ. ಗೋಡೌನಲ್ಲೇ ತಿಂಗಳುಗಟ್ಟಲೆ ಕೂತಿರುತ್ತೆ."

ಅದೂ ನಿಜವೇ. ಸೂಪರ್‌ಮಾರ್ಕೆಟ್‌ನವರನ್ನು ಕೇಳಿದರೆ, ನೋಡೋಕೆ ಕಾಗದದ ಹಾಗಿದ್ದರೆ ಸಾಕು ಅಂದರಂತೆ. ಅಲ್ಲಿಗೆ ತೀರ್ಮಾನವಾಯಿತು. ಹೊರಗೆ ಕಂದು ಕಾಗದ, ಒಳಗೆ ಹಳೆಯ ಕೆಂಪು ಕವರಿನ ಒಳಬದಿಗಿದ್ದ ಅದೇ ಬೆಳ್ಳಿ ಬಣ್ಣದ ಪ್ಲಾಸ್ಟಿಕ್, ಬಿಡಿಸಲಾಗದಂತೆ ಅಂಟಿಸುವುದು. ಮೇಲೊಂದು ಎಲೆಯ ಚಿತ್ರ. ಹಸಿರು ಯಾವುದಿರಲಿ ಎಂದು ನನ್ನನ್ನೇ ಕೇಳಿದರು. ಆರಿಸಿಕೊಟ್ಟೆ.

ಹೊಸ ಕವರಿಗೆ ಮಾರಾಟ ಏರಿತು. ನಮ್ಮ ಪಕ್ಕದ ಮನೆಯ ಆಂಟಿ, ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾದವರು, ಒಂದು ಭಾನುವಾರ ನನ್ನನ್ನು ತಾರಸಿಗೆ ಕರೆದರು. ಅಲ್ಲಿ ಅವರು ಅಡುಗೆಮನೆಯ ಕಸದಿಂದ ಗೊಬ್ಬರ ಮಾಡುತ್ತಾರೆ. "ನಿಮ್ ಕಂಪನಿ ಕವರ್‌ನೇ ಕಣಮ್ಮ, ಸಣ್ಣಗೆ ಕತ್ತರಿಸಿ ಹಾಕ್ತಿದೀನಿ. ಕೊಳೀತಾನೇ ಇಲ್ಲ. ನಾನೇನಾದ್ರೂ ತಪ್ಪು ಮಾಡ್ತಿದೀನಾ?"

ಡಬ್ಬದ ಮುಚ್ಚಳ ತೆಗೆದರು. ಕಾಗದ ಕರಗಿಹೋಗಿ, ಬೆಳ್ಳಿ ಬಣ್ಣದ ಚೂರುಗಳು ಮಣ್ಣಿನ ತುಂಬ ಮಿಂಚುತ್ತಿದ್ದವು. ಒಳಗೆ ಪ್ಲಾಸ್ಟಿಕ್ ಇದೆ ಆಂಟಿ ಅಂದೆ. ಅವರು ಡಬ್ಬಕ್ಕೆ ಕೈ ಹಾಕಿ ಒಂದು ಚೂರು ಎತ್ತಿದರು. ಇಬ್ಬರೂ ಕುಕ್ಕರಗಾಲಿನಲ್ಲಿ ಕೂತು ಆರಿಸತೊಡಗಿದೆವು. ಒಂದನ್ನು ತೆಗೆದರೆ ಅದರಡಿಯಲ್ಲಿ ನಾಲ್ಕು. ಕೊನೆಗೆ ಆಂಟಿ ಆ ಮಣ್ಣನ್ನೆಲ್ಲ ಚೀಲಕ್ಕೆ ತುಂಬಿ ಕಸದ ಗಾಡಿಗೆ ಕೊಟ್ಟರು.