ಧೂಳಿನ ತಟ್ಟೆಯಲ್ಲಿ ಕಂಡ ಚುಕ್ಕೆ

ಹೊಂಗನೂರಿನ ಬಸ್ಸಿನಲ್ಲಿ ಯಾರಾದರೂ 'ನೀವೇನು ಕೆಲಸ ಮಾಡ್ತೀರ?' ಅಂದರೆ 'ಚನ್ನಪಟ್ಟಣದ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡ್ತೀನಿ' ಅಂದು ಕಿಟಕಿ ಕಡೆ ತಿರುಗಿಬಿಡುತ್ತೇನೆ. ಸುಳ್ಳಲ್ಲ, ಆದರೆ ಅರ್ಧ. ಇನ್ನರ್ಧ ಹೇಳಲು ಹೊರಟರೆ ಇಳಿಯುವ ಸ್ಟಾಪು ಬಂದುಬಿಡುತ್ತದೆ. ಹೊಸದಾಗಿ ಹುಟ್ಟಿದ ನಕ್ಷತ್ರದ ಸುತ್ತ ಧೂಳು, ಅನಿಲ ಸೇರಿ ಅಗಲವಾದ ತಟ್ಟೆಯ ಹಾಗೆ ಸುತ್ತುತ್ತಿರುತ್ತದೆ. ಆ ಧೂಳೇ ಒಂದಕ್ಕೊಂದು ಅಂಟಿ, ಉಂಡೆಗಟ್ಟಿ, ಕಾಲಕ್ರಮೇಣ ಗ್ರಹವಾಗುತ್ತದೆ. ನಾವು ಕಾಲೂರಿರುವ ಈ ಭೂಮಿಯೂ ಹಾಗೇ ಆದದ್ದು. ಬೆಳೆಯುವ ಗ್ರಹ ತನ್ನ ದಾರಿಯ ಧೂಳನ್ನು ಗುಡಿಸಿಕೊಂಡು ಹೋಗುವುದರಿಂದ ತಟ್ಟೆಯಲ್ಲಿ ಒಂದು ಖಾಲಿ ಪಟ್ಟಿ ಬೀಳುತ್ತದೆ. ಅಂಥ ಪಟ್ಟಿಗಳಲ್ಲಿ ಗ್ರಹ ಹುಡುಕುವುದು ನನ್ನ ಸಂಶೋಧನೆ.

ಹುಡುಕುವುದು ಅಂದರೆ ಟೆಲಿಸ್ಕೋಪಿಗೆ ಕಣ್ಣಿಟ್ಟು ಕೂರುವುದಲ್ಲ. ಎಲ್ಲೋ ಮರುಭೂಮಿಯ ಬೆಟ್ಟದ ಮೇಲೆ ಕೂತ ದೈತ್ಯ ಟೆಲಿಸ್ಕೋಪುಗಳು ತೆಗೆದ ಚಿತ್ರಗಳನ್ನು ಸ್ವಲ್ಪ ಕಾಲವಾದ ಮೇಲೆ ಎಲ್ಲರಿಗೂ ಬಿಟ್ಟುಕೊಡುತ್ತಾರೆ. ನಾನು ಅವ್ವನ ಮನೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಆ ಚಿತ್ರಗಳಿಂದ ನಕ್ಷತ್ರದ ಕಣ್ಣು ಕುಕ್ಕುವ ಬೆಳಕನ್ನು ಲೆಕ್ಕ ಹಾಕಿ ಕಳೆಯುತ್ತೇನೆ. ಕಳೆದು ಉಳಿದದ್ದೇ ತಟ್ಟೆ. ಹಾಗೆ ಒಂದು ಸಲ ಕಳೆದು ನೋಡಿದಾಗ ಖಾಲಿ ಪಟ್ಟಿಯೊಳಗೆ ಒಂದು ಚುಕ್ಕೆ ಉಳಿದಿತ್ತು. ಕಳೆಯುವ ವಿಧಾನ ಬದಲಿಸಿದೆ, ಹೋಗಲಿಲ್ಲ. ಬೇಕೆಂದೇ ಹಾಳು ಮಾಡಲು ನೋಡಿದೆ, ಆಗಲೂ ಹೋಗಲಿಲ್ಲ. ಅಯ್ಯೋ ದೇವರೇ, ಆವತ್ತು ನನಗಾದ ಖುಷಿ! ಎದ್ದು ಹೋಗಿ ಸುಮ್ಮನೆ ಒಂದು ಚೊಂಬು ನೀರು ಕುಡಿದು ಬಂದೆ.

ಅದು ಗ್ರಹವೋ ಅಲ್ಲವೋ ಅನ್ನುವುದಕ್ಕೆ ದಾರಿ ಸುಲಭ. ಹತ್ತಿರದ ನಕ್ಷತ್ರಗಳು ಆಕಾಶದಲ್ಲಿ ಕೂದಲೆಳೆಯಷ್ಟಾದರೂ ಜರುಗುತ್ತಿರುತ್ತವೆ. ಸ್ವಲ್ಪ ಕಾಲ ಬಿಟ್ಟು ಇನ್ನೊಂದು ಚಿತ್ರ ತೆಗೆದಾಗ ಚುಕ್ಕೆಯೂ ನಕ್ಷತ್ರದ ಜೊತೆಗೇ ಜರುಗಿದ್ದರೆ ಅದು ಆ ಮನೆಯ ಕೂಸು. ಇದ್ದಲ್ಲೇ ಇದ್ದರೆ ಹಿಂದೆ ಎಲ್ಲೋ ದೂರದಲ್ಲಿರುವ, ಸಂಬಂಧವೇ ಇಲ್ಲದ ಬೇರೊಂದು ನಕ್ಷತ್ರ. ಆ ಇನ್ನೊಂದು ಚಿತ್ರಕ್ಕೆ ಟೆಲಿಸ್ಕೋಪಿನ ಸಮಯ ಬೇಕು. ನಮ್ಮ ಸಂಶೋಧನಾ ಗುಂಪಿಗೆ ಸಿಗುವುದು ಚೂರು ಸಮಯ, ಅದು ಯಾರಿಗೆ ಅನ್ನುವುದನ್ನು ಬೆಂಗಳೂರಿನಲ್ಲಿ ಹಿರಿಯರು ಕೂತು ತೀರ್ಮಾನಿಸುತ್ತಾರೆ. ನನ್ನ ಪಿಎಚ್‌ಡಿ ಪೂರ್ತಿ ಆ ಚುಕ್ಕೆಯ ಮೇಲೆ ನಿಂತಿತ್ತು. ಸಮಯ ಸಿಗದಿದ್ದರೆ ಎಲ್ಲ ಅಲ್ಲಿಗೇ ನಿಲ್ಲುತ್ತಿತ್ತು.

ಆ ಹಿರಿಯರ ಸಭೆಯಲ್ಲಿ ಅಧ್ಯಕ್ಷರು ಕೇಳಿದರು, 'ಆ ಪಟ್ಟಿಯಲ್ಲಿ ಏನಿದೆ?'

ನಾನು ಹೇಳಿದ್ದು ಏನು ಗೊತ್ತೆ? 'ಏನೋ ಒಂದು ಇರೋ ಹಾಗಿದೆ ಸಾರ್. ಈಗಲೇ ಹೇಳೋಕಾಗಲ್ಲ. ನೋಡೋಣ.'

ಸಮಯ ಬೇರೆಯವರ ಪಾಲಾಯಿತು. ಹೊರಗೆ ಬಂದ ಕೂಡಲೇ ನನ್ನ ಗೈಡ್ ಮೇಡಂ ಕಾರಿಡಾರಿನಲ್ಲೇ ತರಾಟೆಗೆ ತೆಗೆದುಕೊಂಡರು. 'ತಿಂಗಳುಗಟ್ಟಲೆ ಗ್ರಹ, ಗ್ರಹ ಅಂತ ನನ್ನ ತಲೆ ತಿಂದವರು ನೀವೇ ತಾನೆ? ಅಲ್ಲಿ ಹೋಗಿ ಏನೋ ಇದೆ ಅಂದರೆ ಯಾರು ಕೊಡ್ತಾರೆ? ಅನುಮಾನ ಬೇರೆ, ಅಂಜಿಕೆ ಬೇರೆ. ಅನುಮಾನ ಎಷ್ಟಿದೆ ಅಂತ ಲೆಕ್ಕ ಕೊಡಬಹುದು. ನಿಮ್ಮ ಅಂಜಿಕೆಗೆ ಏನು ಲೆಕ್ಕ ಕೊಡ್ತೀರಿ?'

ಮೈಯೆಲ್ಲ ಉರಿದುಹೋಯಿತು. ಅಂಜಿಕೆಯಂತೆ! ನಾನು ಯಾರಿಗೆ ಅಂಜಿದವಳು? ಬಸ್ಸಿನಲ್ಲಿ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅವರ ಜೊತೆ ಜಗಳವಾಡಿಕೊಂಡು ಊರು ಸೇರಿದೆ.

ಮನೆ ಮುಂದೆ ಅವ್ವ ರೇಷ್ಮೆ ಸೊಪ್ಪಿನ ಹೊರೆ ಇಳಿಸುತ್ತಿದ್ದಳು. ನಮ್ಮದು ಹುಳ ಮೇಯಿಸುವ ಮನೆ. ಆ ಸಲದ ಹುಳ ಬೆರಳು ಗಾತ್ರ ಬೆಳೆದು, ಸೊಪ್ಪು ಕಡಿಯುವ ಸದ್ದು ಮಳೆ ಬಂದ ಹಾಗೆ ಕೇಳುತ್ತಿತ್ತು. ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಕೂಗಿದಳು, 'ಅಕ್ಕಾ, ಹುಳ ಹೆಂಗವೆ?'

'ಏನೋ ಅವೆ ಕಣೆ,' ಅಂದಳು ಅವ್ವ, ಮುಖ ಸಪ್ಪಗೆ ಮಾಡಿಕೊಂಡು. 'ಈಗ್ಲೇ ಏನ್ ಹೇಳಕಾಯ್ತದೆ? ನೋಡಾನ.'

ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡೇ ನಿಂತುಬಿಟ್ಟೆ. ಥೇಟ್ ನನ್ನದೇ ಮಾತು! ಅಷ್ಟು ಚೆಂದದ ಬೆಳೆ ಇಟ್ಟುಕೊಂಡು ಅವ್ವ ಏನೋ ಅವೆ ಅನ್ನುತ್ತಾಳೆ. ನಮ್ಮ ಕಡೆ ಹುಳ ಮೇಯಿಸುವವರು ಯಾರೂ ಬೆಳೆ ಚೆನ್ನಾಗಿದೆ ಅನ್ನುವುದಿಲ್ಲ. ಗೂಡು ಕಟ್ಟಿ, ಬಿಡಿಸಿ, ರಾಮನಗರದ ಮಾರ್ಕೆಟ್ಟು ಸೇರುವವರೆಗೂ ಬಾಯಿ ಬಿಡಬಾರದು, ದೃಷ್ಟಿ ಆಗುತ್ತದೆ. ನಾನು ಮಾತು ಕಲಿತದ್ದೇ ಈ ಅಂಗಳದಲ್ಲಿ. ಟೆಲಿಸ್ಕೋಪಿನ ಸಭೆಯಲ್ಲಿ ಕೂತೂ ನನ್ನ ಬೆಳೆಗೆ ಕಣ್ಣು ಬೀಳದ ಹಾಗೆ ಕಾಪಾಡಿ ಬಂದಿದ್ದೆ! ನಗಬೇಕೋ ಅಳಬೇಕೋ ತಿಳಿಯದೆ ಒಳಗೆ ಹೋದೆ.

ಆಮೇಲೆ ಹಟ ಬಂತು. ಮುಂದಿನ ಸಭೆಯಲ್ಲಿ ಬಾಯಿ ಬಿಟ್ಟು ಹೇಳಿಯೇ ತೀರುತ್ತೇನೆ ಅಂದುಕೊಂಡೆ. ಅಂದುಕೊಂಡ ಮಾತ್ರಕ್ಕೆ ನಾಲಗೆ ತಿರುಗಬೇಕಲ್ಲ? ಕ್ಲಾಸಿನಲ್ಲಿ ಮಕ್ಕಳ ಮುಂದೆ ಹೇಳಿ ನೋಡಿದೆ, ಸ್ಟಾಫ್ ರೂಮಿನಲ್ಲಿ ಹೇಳಿದೆ. ಕೊನೆಗೆ ಅವ್ವನಿಗೇ ಹೇಳಿದೆ, 'ಅವ್ವಾ, ನಾನೊಂದು ಗ್ರಹ ಕಂಡಿದ್ದೀನಿ.'

ಅವ್ವ ಗಾಬರಿಯಿಂದ ಬೀದಿ ಕಡೆ ನೋಡಿದಳು. 'ಬಾಯ್ ಮುಚ್ಕೊಳೆ! ಕೈಗೆ ಬರೋಗಂಟ ಯಾರಾರ ಹಿಂಗೆ ಹೇಳ್ತಾರಾ?'

'ನಾನು ಹೇಳ್ತೀನಿ.'

'ನಿಂಗೆ ಒಸಿ ಜಾಸ್ತಿ ಆಯ್ತು ಕಣೆ ಓದಿದ್ದು,' ಅಂದು ಅವ್ವ ಹುಳದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಎರಡನೆಯ ಸಭೆಯಲ್ಲಿ ಅಧ್ಯಕ್ಷರು ಅದೇ ಪ್ರಶ್ನೆ ಕೇಳಿದರು. ಈ ಸಲ ಹೇಳಿದೆ. 'ಈ ಪಟ್ಟಿಯಲ್ಲಿ ಗ್ರಹ ಇದೆ ಅನ್ನುವುದು ನನ್ನ ವಾದ. ಕಾರಣಗಳು ಇವು. ನಾನು ತಪ್ಪಿರಬಹುದಾದ ಜಾಗ ಇದು. ಇನ್ನೊಂದು ಚಿತ್ರ ತೆಗೆದರೆ ತೀರ್ಮಾನವಾಗುತ್ತೆ.' ಸಮಯ ಕೊಟ್ಟರು.

ಚಿತ್ರ ಬಂದ ದಿನ ಮನೆಯಲ್ಲಿ ಹುಳ ಮೇಯುವುದು ಬಿಟ್ಟು ಹಣ್ಣಾಗಿದ್ದವು. ಹಣ್ಣಾದ ಹುಳ ಹೊತ್ತು ನೋಡಿ ಕಾಯುವುದಿಲ್ಲ. ಅವನ್ನು ಆಯ್ದು, ಗೂಡು ಕಟ್ಟಲು ಚಂದ್ರಂಕಿ ಅನ್ನುವ ಬಿದಿರಿನ ತಟ್ಟಿಗಳ ಮೇಲೆ ಬಿಡುವವರೆಗೂ ಮನೆಯವರು, ಅಕ್ಕಪಕ್ಕದವರು ಯಾರೂ ಸೊಂಟ ನೆಟ್ಟಗೆ ಮಾಡುವ ಹಾಗಿಲ್ಲ. ಕೊನೆಯ ತಟ್ಟಿ ತುಂಬಿದ ಮೇಲೆ ಕೈ ತೊಳೆದು, ಹಗಲಿರುವಾಗಲೇ ಲ್ಯಾಪ್‌ಟಾಪ್ ಮುಂದೆ ಕೂತೆ. ನಕ್ಷತ್ರದ ಬೆಳಕು ಕಳೆದೆ. ಹಳೆಯ ಚಿತ್ರದ ಪಕ್ಕಕ್ಕಿಟ್ಟು ಅಳೆದೆ.

ನಕ್ಷತ್ರ ಜರುಗಿತ್ತು. ಚುಕ್ಕೆ ಇದ್ದಲ್ಲೇ ಇತ್ತು.

ಇನ್ನೊಮ್ಮೆ ಅಳೆದೆ. ಮತ್ತೆ ಅಳೆದೆ. ಆಮೇಲೆ ಗೋಡೆಗೆ ಒರಗಿಕೊಂಡು ಗೊಳೋ ಅಂತ ಅತ್ತೆ. ನಾಚಿಕೆಯೇನೂ ಆಗಲಿಲ್ಲ, ಅಷ್ಟು ಸಂಕಟವಾಗಿತ್ತು. ಅವ್ವ ಓಡಿ ಬಂದಳು. ವಿಷಯ ತಿಳಿದ ಮೇಲೆ ಪಕ್ಕದಲ್ಲಿ ಕೂತು, 'ಹೇಳ್ಬ್ಯಾಡ ಅಂತ ಬಡ್ಕೊಂಡೆ. ಊರಿಗೆಲ್ಲ ಹೇಳ್ಬುಟ್ಟೆ. ಹೋಯ್ತು ನೋಡು,' ಅಂದಳು.

ಅಳು ನಿಂತು ಸಿಟ್ಟು ಬಂತು. 'ಹೋಗೋಕೆ ಅದು ಯಾವತ್ತು ಇತ್ತವ್ವ? ನಾನು ಹೇಳದಿದ್ದಾಗಲೂ ಅದು ಗ್ರಹ ಆಗಿರಲಿಲ್ಲ!'

ಅವ್ವ ಸೆರಗಿನಿಂದ ನನ್ನ ಮುಖ ಒರೆಸಿದಳು. 'ಹಂಗಾರೆ ಈಗೇನ್ ಮಾಡೀಯೆ?'

ಏನು ಮಾಡುವುದು? ಇನ್ನೊಂದು ತಟ್ಟೆ ಹುಡುಕುವುದು. ಮೇಡಂಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. 'ಸರಿ, ಮುಂದಿನ ಸಭೆಗೆ ಏನು ತರ್ತೀರಿ?' ಅಂದರು, ಅಷ್ಟೇ. ಅವತ್ತಿನಿಂದ ಕಾಲೇಜು ಮುಗಿಸಿ ಬಂದವಳು ಲ್ಯಾಪ್‌ಟಾಪ್ ಬಿಟ್ಟು ಏಳಲಿಲ್ಲ. ಒಂದರ ಮೇಲೊಂದು ತಟ್ಟೆಯ ಚಿತ್ರ ತೆಗೆದು ಕಳೆಯುತ್ತಾ ಹೋದೆ. ಕೆಲವುಗಳಲ್ಲಿ ಏನೂ ಇರಲಿಲ್ಲ. ಕೆಲವುಗಳಲ್ಲಿ ಇದ್ದದ್ದು ನನ್ನ ಆಸೆ ಮಾತ್ರ, ಅವನ್ನು ಬಿಟ್ಟೆ. ಕೊನೆಗೆ ಒಂದರಲ್ಲಿ ಖಾಲಿ ಪಟ್ಟಿಯ ಅಂಚು ಒಂದು ಕಡೆ ಸೊಟ್ಟಗಾಗಿ, ಒಳಗಿನಿಂದ ಯಾರೋ ಎಳೆದ ಹಾಗೆ ಕಂಡಿತು. ಗ್ರಹವಿದ್ದರೆ ಅಂಚನ್ನು ಹಾಗೆ ಎಳೆಯುತ್ತದೆ, ಅದನ್ನೇ ಹಿಡಿದುಕೊಂಡೆ.

ಮತ್ತೆ ಅದೇ ಕೋಣೆ, ಅದೇ ಹಿರಿಯರು. ಯಾರೂ ಕೇಳುವ ಮೊದಲೇ ನಾನೇ ಶುರು ಮಾಡಿದೆ. 'ಹೋದ ಸಲ ನಾನು ಗ್ರಹ ಅಂದದ್ದು ಗ್ರಹವಲ್ಲ. ಹಿಂದಿನ ನಕ್ಷತ್ರ. ನನ್ನ ವಾದ ತಪ್ಪಾಗಿತ್ತು.' ಅಷ್ಟು ಹೇಳಿ ಹೊಸ ಚಿತ್ರ ಹಾಕಿದೆ. 'ಈ ತಟ್ಟೆಯಲ್ಲಿ ಗ್ರಹ ಬೆಳೀತಾ ಇದೆ ಅನ್ನುವುದು ಈಗಿನ ನನ್ನ ವಾದ. ನನಗೆ ಸಮಯ ಬೇಕು.'

ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. 'ಹೋದ ಸಲವೂ ಇಷ್ಟೇ ಗಟ್ಟಿಯಾಗಿ ಹೇಳಿದ್ರಿ.'

'ಹೌದು ಸಾರ್. ಗಟ್ಟಿಯಾಗಿ ಹೇಳಿದ್ದಕ್ಕೇ ಅದು ತಪ್ಪು ಅಂತ ಗೊತ್ತಾಯಿತು. ಇಲ್ಲದಿದ್ದರೆ ನಾನಿನ್ನೂ ಅದನ್ನೇ ನಂಬಿಕೊಂಡು ಕೂತಿರುತ್ತಿದ್ದೆ.'

ಅಧ್ಯಕ್ಷರು ಕನ್ನಡಕ ಮತ್ತೆ ಏರಿಸಿಕೊಂಡು ಪರದೆಯ ಕಡೆ ಬಾಗಿದರು. 'ಎಲ್ಲಿ, ತೋರಿಸಿ.'

ನಾನು ಎದ್ದು ಹೋಗಿ ಪರದೆಯ ಮೇಲೆ, ಅಂಚು ಸೊಟ್ಟಗಾದ ಕಡೆ, ಬೆರಳಿಟ್ಟೆ.