ತಗದದ್ದನ್ನೂ ನೋಡ್ರಿ

ಮಾಸ್ಕಿನೊಳಗಿನ ಉಸಿರಿಗೆ ಕನ್ನಡಕ ಮಂಜಾಗಬಾರದೆಂದು ಆಪರೇಷನ್ ಥಿಯೇಟರಿನ ಸಿಸ್ಟರ್ ಮೂಗಿನ ಮೇಲೆ ಅಡ್ಡಲಾಗಿ ಬಿಳಿ ಪ್ಲಾಸ್ಟರ್ ಅಂಟಿಸಿಕೊಳ್ಳುತ್ತಿದ್ದರು. ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಾಗಲೂ ಅದು ಅಲ್ಲೇ. ತೆಗೆಯಿರಿ ಎಂದರೆ, “ಮತ್ತ ಹಚ್ಚೂದ ಐತಲ್ರಿ” ಎನ್ನುವರು. ವೈಟ್‌ಫೀಲ್ಡಿನ ಆ ಆಸ್ಪತ್ರೆಯಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ತರಿಸಿದವರು ಅವರೇ.

ನಾನು ಆಪರೇಷನ್ನಿಗೆ ಬಳಸುವ ಕ್ಯಾಮೆರಾ ತಯಾರಿಸುವ ಸಣ್ಣ ಕಂಪನಿಯ ಎಂಜಿನಿಯರ್. ಥೈರಾಯ್ಡಿನ ಬೆನ್ನಿಗೆ ಅಕ್ಕಿಕಾಳಿನಂಥ ನಾಲ್ಕು ಗ್ರಂಥಿಗಳು ಅಂಟಿಕೊಂಡಿರುತ್ತವೆ. ನೋಡಲು ಕೊಬ್ಬಿನಂತೆಯೇ. ಥೈರಾಯ್ಡ್ ತೆಗೆಯುವಾಗ ಅವೂ ಹೋದರೆ ರಕ್ತದ ಕ್ಯಾಲ್ಸಿಯಂ ಕುಸಿದು ಕೈಬೆರಳು ಸೆಟೆದುಕೊಳ್ಳುತ್ತವೆ. ದೀಪ ಆರಿಸಿ ನಮ್ಮ ಕ್ಯಾಮೆರಾ ಹಿಡಿದರೆ ಪರದೆಯ ಮೇಲೆ ಅವು ಬೆಳ್ಳಗೆ ಹೊಳೆಯುತ್ತವೆ. ಸರ್ಜನ್ ಕೊರಳಿನೊಳಗೆ ನೋಡಿದರೆ ನನ್ನ ಕೆಲಸ ಮುಗಿಯಿತು. ಸಿಸ್ಟರಿಗೆ ಮುಗಿಯುತ್ತಿರಲಿಲ್ಲ. ಕತ್ತರಿಸಿ ತೆಗೆದ ಥೈರಾಯ್ಡನ್ನು ಲ್ಯಾಬಿಗೆ ಕಳಿಸದೆ ಟ್ರೇ ಹಿಡಿದು ನಿಲ್ಲುವರು. ಕ್ಯಾಮೆರಾಕ್ಕೆ ಹೊಸ ಸ್ಟೆರೈಲ್ ಕವರು, ಮತ್ತೆ ದೀಪ ಆರಿಸುವುದು, ಮತ್ತೆ ಎಲ್ಲರೂ ಕಾಯುವುದು. ಹೆಚ್ಚಿನ ಸಲ ಅದರಲ್ಲಿ ಗ್ರಂಥಿ ಒಂದೂ ಇರುತ್ತಿರಲಿಲ್ಲ.

ಒಂದು ದಿನ ಗಾರ್ಮೆಂಟ್ಸಿನಲ್ಲಿ ಹೊಲಿಯುವ ಹೆಂಗಸಿನ ಸರದಿ. “ಕೈಗೇನೂ ಆಗಲ್ಲ ಅಲ್ವಾ?” ಎಂದು ಆಕೆ ಬೆಳಿಗ್ಗೆ ಕೇಳಿದ್ದು ನನ್ನನ್ನೋ ಸಿಸ್ಟರನ್ನೋ, ನೆನಪಿಲ್ಲ. ಕೊರಳಿನಲ್ಲಿ ನಾಲ್ಕರ ಬದಲು ಎರಡೇ ಚುಕ್ಕೆ ಕಂಡಿದ್ದವು. ಆದರೂ ನಾನು ಕ್ಯಾಮೆರಾ ಎತ್ತಿಡುತ್ತಿದ್ದೆ.

“ಕ್ಯಾಮೆರಾ ಸರ, ಎಲ್ಲಿ ಹೊಂಟ್ರಿ?”

“ಐದೂವರೆಗೆ ಕಂಪನಿ ವ್ಯಾನ್ ಇದೆ ಸಿಸ್ಟರ್. ದಿನಾ ಇದೇ ಆಯ್ತಲ್ಲ ನಿಮ್ದು!”

“ವ್ಯಾನ್ ನಾಳಿಗೂ ಬರ್ತೈತ್ರಿ. ಇದು ಲ್ಯಾಬಿಗೆ ಹೋದ್ರ ತಿರುಗಿ ಬರಾಂಗಿಲ್ಲ. ತಗದದ್ದನ್ನೂ ನೋಡ್ರಿ.”

ಸರ್ಜನ್ ನಕ್ಕರು. “ನೋಡ್ಬಿಡಿ ಗುರು, ಇಲ್ಲಾಂದ್ರೆ ನನ್ನನ್ನೂ ಮನೆಗೆ ಬಿಡಲ್ಲ ಇವ್ರು.”

ದೀಪ ಆರಿತು. ಟ್ರೇಯಲ್ಲಿದ್ದ ತುಂಡಿನ ಅಂಚಿನಲ್ಲಿ ಬೆಳ್ಳನೆಯ ಎರಡು ಕಾಳು. ಸರ್ಜನ್ ಅವನ್ನು ಬಿಡಿಸಿ, ಸಣ್ಣಗೆ ಹೆಚ್ಚಿ, ಮತ್ತೆ ಚಿಗುರಲೆಂದು ಕೊರಳಿನ ಸ್ನಾಯುವಿನೊಳಗೆ ನೆಟ್ಟರು. ಕೆಲವು ತಿಂಗಳ ಮೇಲೆ ಆಕೆ ಕ್ಯಾಲ್ಸಿಯಂ ಮಾತ್ರೆ ಬಿಟ್ಟು ಮತ್ತೆ ಮಷಿನ್ನಿಗೆ ಕೂತರೆಂದು ತಿಳಿಯಿತು. ಸಿಸ್ಟರ್ ಅದಕ್ಕೂ ಹಿಗ್ಗಲಿಲ್ಲ. ಕವರು ಸಾಕಷ್ಟು ತಂದಿದ್ದೀರಾ ಎಂದು ಕೇಳಿದರು.

ಸಿಸ್ಟರ್ ತೀರಿಕೊಂಡ ಸುದ್ದಿ ಕಳೆದ ವಾರ ಬಂತು. ತೆಗೆದದ್ದನ್ನೂ ನೋಡಬೇಕೆಂದು ಹೊಳೆದದ್ದು ನನಗೇ ಎಂದು ವರ್ಷಗಳಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನಂಬಿಯೂ ಇದ್ದೆ. ಆ ದಿನದ ಡೈರಿ ತೆಗೆದೆ. ಮೇಲಿನ ಜಗಳವೆಲ್ಲ ಅಲ್ಲಿದೆ, ಸಿಟ್ಟಿನಲ್ಲಿ ಒಂದಕ್ಷರ ಬಿಡದೆ ಬರೆದಿದ್ದೇನೆ. ಹೊಳೆದ ಆ ಎರಡು ಕಾಳಿನ ಬಗ್ಗೆ ಏನೂ ಇಲ್ಲ. ಕೊನೆಯ ಸಾಲು ಇಷ್ಟೇ: “ಸಿಸ್ಟರಿಂದಾಗಿ ಇವತ್ತೂ ವ್ಯಾನ್ ತಪ್ಪಿತು.”